ಉತಾರದಾಗ ಇಲ್ಲದ ಮಂದಿ

ವಿಧಾನಸೌಧದ ಕಡತಗಳಲ್ಲಿ ದಂಡೆ ಅಂದರೆ ಸಮುದ್ರದ್ದು ಮಾತ್ರ. ಮಂಗಳೂರು, ಉಡುಪಿ, ಕಾರವಾರ. ಅದರ ಅಭಿವೃದ್ಧಿಗೊಂದು ಸರ್ಕಾರಿ ಸಂಸ್ಥೆಯೂ ಉಂಟು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮಗೆ ಸಮುದ್ರವಿಲ್ಲ, ದಂಡೆ ಇದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ಹೊಳೆಗಳ ದಂಡೆ. ಕಲ್ಲೋಳ, ಯಡೂರ, ಮಾಂಜರಿ, ಇಂಗಳಿ, ಸದಲಗಾ, ಕಾರದಗಾ, ಜುಗೂಳ, ಮಂಗಾವತಿ, ಕುಡಚಿ, ಹುಲಗಬಾಳಿ. ಈ ಊರುಗಳ ಹೆಸರನ್ನು ನೀವು ಕೇಳಿದ್ದರೆ ಅದು ಜುಲೈ-ಆಗಸ್ಟಿನ ಟಿವಿ ಸುದ್ದಿಯಲ್ಲಿ, 'ಜಲಾವೃತ' ಎಂಬ ಒಂದೇ ಪದದ ಜೊತೆಗೆ. ಉಳಿದ ಹತ್ತು ತಿಂಗಳು ನಾವು ಬದುಕಿರುತ್ತೇವೆ ಎಂಬುದು ಯಾರಿಗೂ ಸುದ್ದಿಯಲ್ಲ.

'ಪ್ರವಾಹ' ಕಚೇರಿಯ ಮಾತು. ದಂಡೆಯ ಮಂದಿ 'ಹೊಳಿ ಬಂತು' ಅನ್ನುತ್ತಾರೆ, ನೆಂಟರು ಬಂದರು ಅಂದ ಹಾಗೆ. ಬಂದವಳಿಗೆ ಹೆಂಗಸರು ಉಡಿ ತುಂಬುತ್ತಾರೆ. ಉಡಿ ತುಂಬಿದ ಕೈಗಳೇ ಅದೇ ರಾತ್ರಿ ಹಾಸಿಗೆ, ಹಿಟ್ಟಿನ ಡಬ್ಬಿ, ಮಕ್ಕಳ ಶಾಲೆಯ ಕಾಗದಗಳನ್ನು ಗಂಟು ಕಟ್ಟುತ್ತವೆ.

ಹೊಳೆ ಏರುವ ಮೊದಲ ಸೂಚನೆ ಸರ್ಕಾರದ ಡಂಗುರವಲ್ಲ, ಮೋಟಾರು. ದಂಡೆಯುದ್ದಕ್ಕೂ ರೈತರು ನೀರೆತ್ತಲು ಪಂಪ್‌ಸೆಟ್ ಇಟ್ಟಿರುತ್ತಾರೆ. ನೀರು ಒಂದು ಮೊಳ ಏರಿತೆಂದರೆ ಹಗ್ಗ, ಬಿದಿರು ಹಿಡಿದು ಓಡಬೇಕು. ಕೆಸರಿನಲ್ಲಿ ಮೊಣಕಾಲಿನತನಕ ಹೂತು ಪೈಪು ಬಿಚ್ಚಬೇಕು, ಏಳೆಂಟು ಜನ ಹೆಗಲು ಕೊಟ್ಟು ಮೋಟಾರನ್ನು ಮೇಲೆ ತರಬೇಕು. ಮತ್ತೆ ನೀರು ಏರಿದರೆ ಮತ್ತೆ ಮೇಲೆ. ಹೆಗಲು ಕೊಡುವವರಲ್ಲಿ ಮೋಟಾರಿನ ಮಾಲೀಕ ಒಬ್ಬ, ಉಳಿದವರು ಕೂಲಿಯವರು. ಅದೇ ಹೊಳೆಯಲ್ಲಿ ಬಲೆ ಹಾಕುವ ಅಂಬಿಗರು ನೀರಿನ ಬಣ್ಣ, ನೊರೆ, ತೇಲಿಬರುವ ಕಸ ನೋಡಿ ಮೇಲೆ ಏನಾಗಿದೆ ಎಂದು ಹೇಳಬಲ್ಲರು. ದೊಡ್ಡ ಹೊಳೆ ಬಂದಾಗ ರಬ್ಬರ್ ದೋಣಿಯ ಪಡೆ ತಲುಪುವ ಮೊದಲು ಇವರ ದೋಣಿಯೇ ತೋಟಪಟ್ಟಿಯ ಮನೆಬಾಗಿಲಿಗೆ ಹೋಗಿರುತ್ತದೆ. ಬಹುಮಾನ ಸಮಾರಂಭದ ವೇದಿಕೆಯಲ್ಲಿ ಇವರಿಗೆ ಕುರ್ಚಿ ಹಾಕಿದ್ದನ್ನು ನಾನು ಕಂಡಿಲ್ಲ. ನಿಷ್ಠುರವಾಗಿ ಮಾತಾಡಿದ ವಚನಕಾರ ಅಂಬಿಗರ ಚೌಡಯ್ಯನ ಕುಲದವರು ಇವರು; ಇಂದು ಇವರ ಮಾತನ್ನೇ ಯಾರೂ ಕೇಳುವುದಿಲ್ಲ.

ಹೊಳೆ ಈಗ ಮಳೆಯ ಮಾತನ್ನಷ್ಟೇ ಕೇಳುವುದಿಲ್ಲ, ಗೇಟಿನ ಮಾತನ್ನೂ ಕೇಳುತ್ತದೆ. ಮೇಲೆ ಮಹಾರಾಷ್ಟ್ರದಲ್ಲಿ 105 ಟಿಎಂಸಿಯ ಕೊಯ್ನಾ ಅಣೆಕಟ್ಟು, ವಾರಣಾ, ತಾನೇ ತೆರೆದುಕೊಳ್ಳುವ ಗೇಟುಗಳ ರಾಧಾನಗರಿ. ನರಸೋಬವಾಡಿಯಲ್ಲಿ ಪಂಚಗಂಗಾ ಕೃಷ್ಣೆಗೆ ಕೂಡುತ್ತದೆ. ಕಾಳಮ್ಮವಾಡಿ ಅಣೆಕಟ್ಟು ದಾಟಿದ ದೂಧಗಂಗಾ ಕಲ್ಲೋಳದ ಹತ್ತಿರ ಬಂದು ಸೇರುತ್ತದೆ. ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ದೂಧಗಂಗೆಯಿಂದ ಇಷ್ಟು, ಕೂಡಿದರೆ ಇಷ್ಟು: ನಮ್ಮ ಮಕ್ಕಳು ಮಗ್ಗಿಗಿಂತ ಮೊದಲು ಈ ಕೂಡುವ ಲೆಕ್ಕ ಕಲಿಯುತ್ತಾರೆ. ಸಾಂಗ್ಲಿಯವರು ಕೆಳಗಿನ ಆಲಮಟ್ಟಿ ಅಣೆಕಟ್ಟಿನತ್ತ ಬೆರಳು ತೋರಿಸುತ್ತಾರೆ, ನಮ್ಮವರು ಕೊಯ್ನಾದತ್ತ. ಎರಡು ಬೆರಳುಗಳ ನಡುವೆ ಕಲ್ಲೋಳ-ಯಡೂರ ಸೇತುವೆ ಮುಳುಗುತ್ತದೆ. ಅದರ ಜೊತೆಗೆ ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಸಿದ್ನಾಳ-ಅಕ್ಕೋಳ, ಜತ್ರಾಟ-ಭಿವಶಿ. ಮುಳುಗುತ್ತವೆ ಎಂದು ಎಲ್ಲರಿಗೂ ಗೊತ್ತಿರುವ ಸೇತುವೆಗಳು ಇವು. ಪ್ರತಿ ವರ್ಷ ಬ್ಯಾರಿಕೇಡ್ ಮಾತ್ರ ಹೊಸದು.

2019 ಒಂದನ್ನೇ ತೆಗೆದುಕೊಳ್ಳಿ. ಮೇ ತಿಂಗಳಲ್ಲಿ ಇದೇ ಕೃಷ್ಣೆಯ ಪಾತ್ರ ಬತ್ತಿ ಬಿರಿದಿತ್ತು. ನೀರು ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರವನ್ನು ಬೇಡುತ್ತಿತ್ತು, ಬೇಡಿದರೂ ಬರಲಿಲ್ಲ. ಆಗಸ್ಟಿನಲ್ಲಿ ಬೇಡ ಬೇಡ ಅಂದರೂ ಬಂತು. ಮನೆಗಳು ಮಾಡಿನವರೆಗೆ ಮುಳುಗುವಾಗ ಕರ್ನಾಟಕದ ಸರ್ಕಾರದಲ್ಲಿ ಇದ್ದದ್ದು ಮುಖ್ಯಮಂತ್ರಿ ಒಬ್ಬರೇ. ಜುಲೈ 26ಕ್ಕೆ ಪ್ರಮಾಣವಚನ ಆಗಿತ್ತು, ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ಖಾತೆ ಯಾರಿಗೆ ಎಂಬ ಲೆಕ್ಕ ಮುಗಿಯುವುದರೊಳಗೆ ಹೊಳೆ ಬಂದು, ಇದ್ದು, ಇಳಿದೂ ಹೋಗಿತ್ತು. 2021ರಲ್ಲಿ ಮತ್ತೆ ಬಂತು.

ಇಳಿದ ಮೇಲೆ ಶುರುವಾಗುವುದು ಉತಾರದ, ಅಂದರೆ ಜಾಗದ ಹಕ್ಕಿನ ದಾಖಲೆಯ ಆಟ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದರು; ಎ, ಬಿ, ಸಿ ಎಂದು ಗೋಡೆಗಳಿಗೆ ದರ್ಜೆ ಹಚ್ಚಿದರು. ಮೂರು ತಲೆಮಾರು ಒಂದೇ ಮಣ್ಣಿನ ಗೋಡೆಯೊಳಗೆ ಬದುಕಿದವನ ಹೆಸರಿನಲ್ಲಿ ಉತಾರ ಇಲ್ಲದಿದ್ದರೆ ಬಿದ್ದದ್ದು ಮನೆಯೇ ಅಲ್ಲ. ಕಬ್ಬು ಕೊಳೆತರೆ ಪರಿಹಾರ ಹೆಕ್ಟೇರಿನ ಲೆಕ್ಕ, ಅದೂ 2 ಹೆಕ್ಟೇರಿಗೆ ಮಿತಿ. ಸುಳಿಯೊಳಗೆ ರಾಡಿ ಹೊಕ್ಕು ಸತ್ತ ಆ ಕಬ್ಬಿನಲ್ಲಿ ಕಳೆ ತೆಗೆಯಬೇಕಿದ್ದ ಹೆಂಗಸಿನ ತಿಂಗಳುಗಟ್ಟಲೆ ಕೂಲಿ ಯಾವ ಹೆಕ್ಟೇರಿನಲ್ಲಿ ಬರುತ್ತದೆ ಸ್ವಾಮಿ? ಬಲೆ ಕೊಚ್ಚಿಹೋದ ಅಂಬಿಗನ ಹೊಲ ಯಾವ ಸರ್ವೆ ನಂಬರು? ಹೊಳೆಗೆ ಉತಾರ ಇಲ್ಲ, ಹೊಳೆಯಲ್ಲಿ ದುಡಿಯುವವನಿಗೂ ಇಲ್ಲ. ಭೂಮಿ ಇದ್ದವನಿಗೆ ನಷ್ಟ, ಇಲ್ಲದವನಿಗೆ ಬರೀ ತೊಂದರೆ: ಇದು ನಿಮ್ಮ ಪರಿಹಾರದ ನಿಘಂಟು.

'ಗಂಜಿ ಕೇಂದ್ರ'ಕ್ಕೆ 'ಕಾಳಜಿ ಕೇಂದ್ರ' ಎಂದು ಹೊಸ ಹೆಸರಿಟ್ಟಿದ್ದಾರೆ. ಗಂಜಿ ಅನ್ನುವಾಗ ಕನಿಷ್ಠ ಏನು ಸಿಗುತ್ತದೆ ಎಂಬುದಾದರೂ ತಿಳಿಯುತ್ತಿತ್ತು.

'ದಂಡಿ ಮ್ಯಾಲ ಯಾಕ ಇರ್ತೀರಿ, ಜಾಗಾ ಕೊಡ್ತೀವಿ ಹೋಗ್ರಿ' ಅನ್ನುತ್ತಾರೆ ಸಾಹೇಬರು. ಕೊಡುವ ಜಾಗದಲ್ಲಿ ನಾಲ್ಕು ಗೋಡೆಗೆ ಜಾಗವಿದೆ, ಎಮ್ಮೆಗೆ ಇಲ್ಲ. ಎಮ್ಮೆಯ ಹಾಲು ಡೈರಿಗೆ ಹೋದರೆ ಒಲೆ ಉರಿಯುತ್ತದೆ. ಹೊಳೆ ಬಂದಾಗ ಮುದುಕಿ ಎಮ್ಮೆಯ ಹಗ್ಗ ಬಿಡದೆ ಕೂತರೆ ಅದನ್ನು 'ಹಟ' ಎಂದು ವರದಿ ಬರೆಯುತ್ತೀರಿ. ನಿಮ್ಮ ಸಂಬಳದ ಖಾತೆಯನ್ನು ನಾಲ್ಕು ಕಾಲಿನ ಮೇಲೆ ನಿಲ್ಲಿಸಿ, ನೀರು ಬಿಡುತ್ತೇವೆ. ನೀವು ಬಿಟ್ಟು ಬರುತ್ತೀರೋ ನೋಡೋಣ.

ಇನ್ನೊಂದು ಮಾತಿದೆ, ಊರಲ್ಲಿ ಯಾರೂ ಬಾಯಿಬಿಟ್ಟು ಹೇಳದ್ದು. ಎಷ್ಟೋ ಊರುಗಳಲ್ಲಿ ಮೊದಲು ನೀರು ಹೊಗುವುದು ಕೇರಿಗೆ. ಅದು ತಗ್ಗಿನಲ್ಲಿದೆ. ಯಾಕೆ ತಗ್ಗಿನಲ್ಲಿದೆ ಎಂದು ಹೊಳೆಯನ್ನು ಕೇಳಬೇಡಿ, ಊರನ್ನು ಕೇಳಿ. 1925ರಲ್ಲಿ ಅಂಬೇಡ್ಕರರು ಇದೇ ನಿಪ್ಪಾಣಿಗೆ ಬಂದು ಸಭೆ ನಡೆಸಿದರು. ನೂರು ವರ್ಷ ಆಯಿತು. ಕೇರಿ ಒಂದು ಆಳೆತ್ತರವೂ ಮೇಲೆ ಏರಿಲ್ಲ.

ಇಲ್ಲಿ ಸಿಟ್ಟು ಹೊಸದೇನಲ್ಲ. 1981ರಲ್ಲಿ ನಿಪ್ಪಾಣಿಯ ತಂಬಾಕು ರೈತರು ರಸ್ತೆಗಿಳಿದಾಗ ಪೊಲೀಸರ ಗುಂಡಿಗೆ ಪ್ರಾಣ ಕೊಟ್ಟರು. ಆಮೇಲೆ ಕಬ್ಬು ಬಂತು, ಕಾರ್ಖಾನೆಗಳು ಬಂದವು. ಕಾರ್ಖಾನೆಯ ಆಡಳಿತ ಮಂಡಳಿಯಲ್ಲಿ ಕೂತವರೇ ಶಾಸನಸಭೆಯಲ್ಲೂ ಕೂತರು. ಪಕ್ಷ ಯಾವುದಾದರೂ ಅಷ್ಟೇ. ಈಗ ನಮ್ಮ ಅರ್ಜಿ ತೆಗೆದುಕೊಳ್ಳಬೇಕಾದವನೂ ಕಬ್ಬಿನ ಬಾಕಿ ಕೊಡಬೇಕಾದವನೂ ಒಬ್ಬನೇ ಸಾಹುಕಾರ, ಸಿಟ್ಟಾಗುವುದಾದರೂ ಯಾರ ಮೇಲೆ?

ಮಹಾರಾಷ್ಟ್ರದ ಇಚಲಕರಂಜಿಯ ಬಟ್ಟೆ ಕಾರ್ಖಾನೆಗಳ ಬಣ್ಣದ ನೀರು ಪಂಚಗಂಗೆಗೆ ಇಳಿದು, ಬೇಸಿಗೆಯಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದಾಗ ಗಡಿ ನೆನಪಾಗುವುದಿಲ್ಲ. ನಿಪ್ಪಾಣಿ ಮಹಾರಾಷ್ಟ್ರಕ್ಕೆ ಎಂದು 1967ರಲ್ಲಿ ಬರೆದ ಮಹಾಜನ ಆಯೋಗದ ಗಡಿ ವರದಿ ಮಾತ್ರ ಇಂದಿಗೂ ಎರಡೂ ಕಡೆಯವರ ಗಂಟಲಲ್ಲಿದೆ. ಒಂದೊಂದು ಅಂಗುಲಕ್ಕೂ ಪ್ರಾಣ ಕೊಡುತ್ತೇವೆ ಎಂದು ಕೂಗುವವರೇ, ವರ್ಷಕ್ಕೆ ಎಂಟು ದಿನ ಆ ಅಂಗುಲಗಳೆಲ್ಲ ನೀರಿನಡಿ ಇರುತ್ತವೆ. ಆಗ ನೀವೆಲ್ಲಿರುತ್ತೀರಿ?

ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಎದ್ದಿತು. ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಹೊಳೆ ಇಳಿದು ಸೌಮ್ಯವಾದ ಮೇಲೆ. ಒಂದು ಸಲ ಆಗಸ್ಟಿನಲ್ಲಿ ಕರೆಯಿರಿ. ಅಧಿವೇಶನಕ್ಕೆ ಹೋಗುವ ಮುನ್ನ ನಮ್ಮ ಕಡೆ ಹಾಯ್ದು ಹೋಗಿ. ಕಲ್ಲೋಳ-ಯಡೂರ ಸೇತುವೆಯ ಮೇಲಿಂದಲೇ ಬನ್ನಿ.