ಪುಟ್ಟಿಯ ಕಣ್ಣಿಗೆ ದಿನಕ್ಕೆರಡು ಸಲ

ಹಜೀರಾಕ್ಕೆ ಹೋಗುವ ಕಂಪನಿ ಬಸ್ಸು ಬೆಳಿಗ್ಗೆ ಆರೂವರೆಗೆ ಅಡಾಜಣದ ನಮ್ಮ ಸೊಸೈಟಿ ಗೇಟಿಗೆ ಬರುತ್ತದೆ. ಅದಕ್ಕೆ ಮುಂಚೆ ಪುಟ್ಟಿಯ ಕಣ್ಣಿನ ಪಿಸುರನ್ನು ಒದ್ದೆ ಹತ್ತಿಯಿಂದ ಒರೆಸಿ ಮುಲಾಮು ಹಚ್ಚಬೇಕು. ರಾತ್ರಿ ಮತ್ತೊಮ್ಮೆ. ನಡುವೆ ಮೂರ್ನಾಲ್ಕು ಸಲ ನನ್ನ ಹೆಂಡತಿ ಕೃತಕ ಕಣ್ಣೀರಿನ ಹನಿ ಹಾಕುತ್ತಾಳೆ. ಹದಿನಾಲ್ಕು ತಿಂಗಳಿಂದ ಒಂದು ದಿನವೂ ತಪ್ಪಿಲ್ಲ.

ಪುಟ್ಟಿ ಪಗ್ ಜಾತಿಯ ಹೆಣ್ಣುನಾಯಿ. ನಮ್ಮದಲ್ಲ. ಕಾಯಂ ಮನೆ ಸಿಗುವವರೆಗೆ ಇರಲಿ ಎಂದು ಫಾಸ್ಟರ್ ಆಗಿ ಬಂದವಳು. ಊರ ಹೊರಗಿನ ಶೆಡ್ಡೊಂದರಲ್ಲಿ ಕಬ್ಬಿಣದ ಪಂಜರದೊಳಗೆ ವರ್ಷಗಟ್ಟಲೆ ಮರಿ ಹಾಕಿದ್ದಳು. ಬಿಡಿಸಿ ತಂದ ದಿನ ಫೋಟೊ ನೋಡಿದವರೆಲ್ಲ ಮರುಗಿದರು. ಎರಡೇ ದಿನದಲ್ಲಿ ಸ್ನಾನ, ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲಕ್ಕೂ ಸಾಕಾಗುವಷ್ಟು ದುಡ್ಡು ಸೇರಿತು. ಮೂರನೇ ತಿಂಗಳಿಗೆ ಕೇಳಿದಾಗ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳಷ್ಟೇ ಬಂದವು.

ಅಷ್ಟರಲ್ಲಿ ಗೊತ್ತಾಗಿತ್ತು, ಅವಳ ತೊಂದರೆ ಕಣ್ಣಿನದು ಎಂದು. ವೈದ್ಯರು ಕಾಗದದ ಪಟ್ಟಿಯೊಂದನ್ನು ರೆಪ್ಪೆಯೊಳಗೆ ಸಿಕ್ಕಿಸಿ ಒಂದು ನಿಮಿಷ ಹಿಡಿದರು. ಆರೋಗ್ಯವಂತ ನಾಯಿಯಲ್ಲಿ ಕಣ್ಣೀರು ಆ ಪಟ್ಟಿಯಲ್ಲಿ 15 ಮಿಲಿಮೀಟರಾದರೂ ಏರಬೇಕು. ಪುಟ್ಟಿಯ ಎಡಗಣ್ಣಲ್ಲಿ 4. ಕಣ್ಣೀರೇ ಹುಟ್ಟದ ಕಣ್ಣು ಒಣಗುತ್ತದೆ, ಪಿಸುರು ಕಟ್ಟುತ್ತದೆ, ಹುಣ್ಣಾಗುತ್ತದೆ. ಪಗ್‌ಗಳಲ್ಲಂತೂ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಕಂದು ಬಣ್ಣದ ಪರದೆ ಹಬ್ಬುತ್ತದೆ. ಚಪ್ಪಟೆ ಮೂತಿ, ಹೊರಚಾಚಿದ ಕಣ್ಣು, ಪೂರ್ತಿ ಮುಚ್ಚದ ರೆಪ್ಪೆ: ನಾವು ಮುದ್ದು ಎಂದು ಕರೆಯುವುದೆಲ್ಲ ಆ ಕಣ್ಣಿಗೆ ಶಾಪ. ಸೈಕ್ಲೋಸ್ಪೊರಿನ್ ಮುಲಾಮು ಹಚ್ಚಿದರೆ ಕಣ್ಣೀರು ಮತ್ತೆ ಬರಬಹುದು, ಅದೂ ವಾರಗಳ ನಂತರ. ನಿಲ್ಲಿಸಿದರೆ ಮತ್ತೆ ಒಣಗುತ್ತದೆ. ಅಂದರೆ ಇದು ಜೀವನಪೂರ್ತಿಯ ಔಷಧಿ.

ನಮ್ಮ ಮನೆಯ ಲೆಕ್ಕದಲ್ಲಿ ತಪಾಸಣೆಯೂ ಸೇರಿ ತಿಂಗಳಿಗೆ ಸುಮಾರು ಎರಡೂವರೆ ಸಾವಿರ. ದೊಡ್ಡ ಮೊತ್ತವಲ್ಲ, ನಿಜ. ಆದರೆ ದತ್ತು ಕೇಳಲು ಬಂದ ಮೂರು ಮನೆಯವರೂ ‘ಇದು ಯಾವಾಗ ವಾಸಿಯಾಗುತ್ತದೆ?’ ಎಂದು ಕೇಳಿ ವಾಪಸ್ ಹೋದರು. ಅವರನ್ನು ದೂರುವುದಿಲ್ಲ. ಮೊದಲ ವಾರ ನಾನೂ ಅದನ್ನೇ ಕೇಳಿದ್ದೆ.

ಈ ಊರಿಗೆ ಇದು ಹೊಸ ಸಮಸ್ಯೆಯೇನಲ್ಲ. 1689ರಲ್ಲಿ ಸೂರತ್‌ಗೆ ಬಂದಿದ್ದ ಇಂಗ್ಲಿಷ್ ಪಾದ್ರಿ ಜಾನ್ ಓವಿಂಗ್ಟನ್, ಇಲ್ಲಿನ ಪ್ರಾಣಿಗಳ ಆಸ್ಪತ್ರೆಯನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ರೋಗ ಬಂದ, ಕುಂಟಾದ, ಮುದಿಯಾದ ಹಸು, ಕುದುರೆ, ಮೇಕೆಗಳ ಜತೆ ನಾಯಿಗಳೂ ಅಲ್ಲಿದ್ದವು. (ಪಕ್ಕದಲ್ಲಿ ತಿಗಣೆ, ಚಿಗಟಗಳಿಗೂ ಒಂದು ಕಟ್ಟಡವಿತ್ತಂತೆ, ನನ್ನ ದಯೆ ಅಷ್ಟು ದೂರ ಹೋಗದು.) ಗುಜರಾತಿನ ಪಾಂಜರಾಪೋಳಗಳು ಶತಮಾನಗಳ ಕಾಲ ನಡೆದದ್ದು ಫೋಟೊ ನೋಡಿ ಉಕ್ಕಿದ ಕರುಣೆಯಿಂದಲ್ಲ. ಹತ್ತಿ, ಧಾನ್ಯ, ಬಟ್ಟೆಯ ವ್ಯಾಪಾರಿಗಳು ತಮ್ಮ ವಹಿವಾಟಿನ ಮೇಲೆ ತಾವೇ ಒಂದು ಸಣ್ಣ ಲಾಗ ಹಾಕಿಕೊಂಡಿದ್ದರು. ವ್ಯಾಪಾರ ನಡೆದಷ್ಟು ದಿನ ಮೇವೂ ಬರುತ್ತಿತ್ತು. ಫಾಸ್ಟರ್ ಮನೆಗಳಿಗೆ ಬೇಕಾದದ್ದು ಇಂಥ ಲಾಗ. ಬಿಡಿಸಿದ ದಿನದ ಐದು ಸಾವಿರಕ್ಕಿಂತ ತಿಂಗಳು ತಿಂಗಳು ತಪ್ಪದೆ ಬರುವ ಇನ್ನೂರು ಮೇಲು.

ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ ಕ್ಯೂಪಾ ಸಂಸ್ಥೆಯ ಸೆಕೆಂಡ್ ಚಾನ್ಸ್ ಕೇಂದ್ರ ಹೀಗೆ ಬಿಟ್ಟುಹೋದ ತಳಿ ನಾಯಿಗಳಿಗೆ ಮನೆ ಹುಡುಕುತ್ತದೆ. ಅಲ್ಲಿರುವ ನಮ್ಮ ಓದುಗರು ಒಮ್ಮೆ ಹೋಗಿ ನೋಡಬಹುದು.

ಇನ್ನು ಕಾನೂನು. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹದಿನೆಂಟು ತಿಂಗಳಾಗದ ಹೆಣ್ಣುನಾಯಿಯಿಂದ ಮರಿ ಹಾಕಿಸುವಂತಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಿಯಮ ಚೆನ್ನಾಗಿಯೇ ಇದೆ. ಆದರೆ ಪ್ರಾಣಿ ಹಿಂಸೆಗೆ 1960ರ ಕಾಯ್ದೆ ಹೇಳುವ ದಂಡ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ. ಪುಟ್ಟಿಯ ಒಂದು ಬಾಟಲಿ ಹನಿಗೂ ಅದು ಸಾಲದು. ಅವಳ ಮರಿಗಳು ಮಾತ್ರ ಸಾವಿರಗಟ್ಟಲೆಗೆ ಮಾರಿಹೋಗಿರುತ್ತವೆ. 2003ರ ಆ ಮೊಬೈಲ್ ಜಾಹೀರಾತು ಬಂದ ಮೇಲೆ ಪಗ್ ಬೇಕೆಂದು ಮುಗಿಬಿದ್ದವರಲ್ಲಿ ನಮ್ಮ ನೆಂಟರಿಷ್ಟರೂ ಇದ್ದರು. ತಾಯಿ ನಾಯಿಯನ್ನು ತೋರಿಸಿ ಎಂದು ಅವರಲ್ಲಿ ಎಷ್ಟು ಜನ ಕೇಳಿದರು? ಮರಿ ಕೊಳ್ಳಲೇಬೇಕೆನ್ನುವವರು ಅದೊಂದನ್ನಾದರೂ ಕೇಳಲಿ. ತೋರಿಸದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ನಾವು ಇಲ್ಲಿ ಮಾಡಿಕೊಂಡದ್ದು ಸರಳ ವ್ಯವಸ್ಥೆ. ಮನೆ ಮತ್ತು ಊಟ ಫಾಸ್ಟರ್‌ನವರದು, ಕಣ್ಣಿನ ಖರ್ಚು ಗುಂಪಿನದು. ಬಿಲ್ಲುಗಳ ಫೋಟೊ ಪ್ರತಿ ತಿಂಗಳು 5ನೇ ತಾರೀಖು ಎಲ್ಲರಿಗೂ ಹೋಗುತ್ತದೆ. ಯಾರಾದರೂ ದತ್ತು ತೆಗೆದುಕೊಂಡರೂ ಔಷಧಿಯ ಖರ್ಚು ಗುಂಪೇ ಕೊಡುತ್ತದೆ. ಇಲ್ಲದಿದ್ದರೆ ಕುರುಡಾಗುತ್ತಿರುವ ನಾಯಿಗೆ ಯಾರ ಬಾಗಿಲೂ ತೆರೆಯದು. ಎದುರು ಮನೆಯ ಬಾ ಮಡಿಯವರು. ಪುಟ್ಟಿಯನ್ನು ಮುಟ್ಟುವುದಿಲ್ಲ, ನಮ್ಮ ಹೊಸಿಲು ದಾಟುವುದೂ ಇಲ್ಲ. ಆದರೆ ಪ್ರತಿ ಅಗಿಯಾರಸದಂದು, ಅಂದರೆ ನಮ್ಮ ಏಕಾದಶಿಗೆ, ಬಾಗಿಲಲ್ಲೇ ನಿಂತು ನೂರು ರೂಪಾಯಿ ಕೊಡುತ್ತಾರೆ. ‘ಬೇಟಾ, ಆಜ್ ದವಾ ನಾಖೀ?’ ಎಂದು ಕೇಳುತ್ತಾರೆ, ಇವತ್ತು ಔಷಧಿ ಹಾಕಿದೆಯಾ ಎಂದು.

ಈಗ ಒಂಬತ್ತು ಜನ ಇದ್ದೇವೆ, ಅದರಲ್ಲಿ ನಾಲ್ವರು ಕನ್ನಡಿಗರು. ಅದೇ ಶೆಡ್ಡಿನಿಂದ ಬಂದ, ಎರಡೂ ಕಣ್ಣಿಗೆ ಪೊರೆ ಕಟ್ಟಿದ ಕಾಕರ್ ಸ್ಪ್ಯಾನಿಯಲ್ ಒಂದು ಇನ್ನೂ ಬೋರ್ಡಿಂಗ್‌ನಲ್ಲೇ ಇದೆ. ಅದಕ್ಕೆ ಒಂದು ಮನೆ ಬೇಕು, ತಿಂಗಳಿಗೆ ಇನ್ನೂರು ಕೊಡುವ ಹತ್ತು ಜನ ಬೇಕು.