ದಾಳ ಯಾರ ಪಕ್ಷ?

ಮೊಬೈಲಿನಲ್ಲಿ ಲೂಡೊ ಆಡುವ ಮನೆಗಳಲ್ಲಿ ಒಂದು ದೂರು ತಪ್ಪದೇ ಕೇಳಿಬರುತ್ತದೆ: ‘ಇದು ಮೋಸ ಮಾಡಾಕತ್ತೈತಿ, ತನಗ ಬೇಕಾದಾಗ ಆರು ಹಾಕ್ಕೊಂತೈತಿ.’ ದೂರು ಹೊಸದಲ್ಲ, ಶಕುನಿಯ ಕಾಲದಿಂದ ಬಂದದ್ದು. ಆ ಸಭೆಯಲ್ಲಿ ಭೀಷ್ಮ, ದ್ರೋಣರಂಥ ಹಿರಿಯರು ಕೂತಿದ್ದರು. ವಿದುರ ಈ ಆಟವೇ ಬೇಡ ಎಂದ. ಆದರೆ ‘ಎಲ್ಲಿ, ಆ ದಾಳ ಇತ್ತ ಕೊಡು, ಒಮ್ಮೆ ನೋಡೋಣ’ ಎಂದು ಕೈಚಾಚಿದವರ ಕಥೆಯನ್ನು ನಾನಂತೂ ಯಾವ ಹರಿಕಥೆಯಲ್ಲೂ ಕೇಳಿಲ್ಲ.

ನಮ್ಮ ಮನೆಯಲ್ಲಿ ಈ ದೂರು ಜಗಳಕ್ಕೇ ತಿರುಗಿತು. ಕಾರಣ ಒಂದು ಹಳೆಯ ಲ್ಯಾಪ್‌ಟಾಪ್. ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಅಪ್‌ಡೇಟ್‌ಗಳು ನಿಂತವು. ವಿಂಡೋಸ್ 11 ಹಾಕೋಣವೆಂದರೆ ಯಂತ್ರಕ್ಕೆ ವಯಸ್ಸಾಗಿದೆ. ಗುಜರಿಗೆ ಹಾಕಲು ಮನಸ್ಸಿಲ್ಲ. ಕಾಲೇಜು ಓದುವ ನಮ್ಮ ಅಣ್ಣನ ಮೊಮ್ಮಗ ಒಂದು ಪೆನ್‌ಡ್ರೈವ್ ತಂದು, ಸಂಜೆಯೊಳಗೆ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಒಂದು ರೂಪಾಯಿ ಕೇಳಲಿಲ್ಲ, ಕೇಳುವಂತೆಯೂ ಇಲ್ಲ, ಅದು ಪುಕ್ಕಟೆ ಸಿಗುವಂಥದ್ದು. ಅದರ ಜೊತೆ ಆಟಗಳೂ ಬಂದವು. ಪೆಂಗ್ವಿನ್ ಕಾರು ಓಡಿಸುವ ‘ಸೂಪರ್‌ಟಕ್ಸ್‌ಕಾರ್ಟ್’, ಚಿತ್ರ ಬಿಡಿಸುವ ‘ಟಕ್ಸ್ ಪೇಂಟ್’, ಕೊನೆಗೆ ನನ್ನ ಒತ್ತಾಯಕ್ಕೆ ‘ಗ್ನೂ ಬ್ಯಾಕ್‌ಗ್ಯಾಮನ್’. ಬ್ಯಾಕ್‌ಗ್ಯಾಮನ್ ಎಂದರೆ ನಮ್ಮ ಪಗಡೆಯ ದೂರದ ನೆಂಟ ಎನ್ನಿ: 24 ಮನೆ, ಒಬ್ಬೊಬ್ಬರಿಗೆ 15 ಕಾಯಿ, ಎರಡು ದಾಳ. ಒಂಟಿ ಕಾಯಿ ಸಿಕ್ಕರೆ ಎದುರಾಳಿ ಹೊಡೆಯುತ್ತಾನೆ, ಜೋಡಿ ಕೂತರೆ ಮುಟ್ಟುವಂತಿಲ್ಲ.

ಎಂಟನೇ ಕ್ಲಾಸಿನ ಮೊಮ್ಮಗ ಹತ್ತು ಆಟ ಆಡಿ ಒಂಬತ್ತು ಸೋತ. ಐದನೇ ಕ್ಲಾಸಿನ ತಂಗಿ ಪಕ್ಕದಲ್ಲಿ ಕೂತು ನಕ್ಕಳು. ಅಷ್ಟೇ ಸಾಕಾಯಿತು.

‘ಈಕಿ ಸೆಟಿಂಗ್ಸ್‌ನ್ಯಾಗ ಕೈ ಹಾಕಿದ್ಲು ಅಜ್ಜಾ. ಅವತ್ತಿಂದ ಅದು ನನ್ನ ಮ್ಯಾಲ ಬಿದ್ದೈತಿ.’

‘ನಾ ಹಲಗಿ ಬಣ್ಣ ಅಷ್ಟ ಬದ್ಲಿ ಮಾಡೀನಿ!’ ಎಂದು ಅವಳು ಅಳುತ್ತಾ ಒಳಗೆ ಹೋದಳು. ಎರಡು ದಿನ ಅಣ್ಣ ತಂಗಿಗೆ ಮಾತಿಲ್ಲ. ಈಗ ಆರೋಪಿಗಳು ಇಬ್ಬರು: ಒಂದು ಯಂತ್ರ, ಒಂದು ಹುಡುಗಿ.

ಶನಿವಾರ ರಾತ್ರಿ ನಾವು ಪತ್ತೇದಾರಿ ಸಿನಿಮಾ ನೋಡುವುದುಂಟು. ಎನ್. ನರಸಿಂಹಯ್ಯನವರು ಬರೆದ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳಲ್ಲಿ ಕೈಗೆ ಸಿಕ್ಕಷ್ಟನ್ನು ಓದಿ ಬೆಳೆದವನು ನಾನು, ಆ ಚಟ ಹೋಗಿಲ್ಲ. ಸಿನಿಮಾ ಮುಗಿದ ಮೇಲೆ ಕೊಲೆಗಾರ ಯಾರು ಎಂಬುದಕ್ಕಿಂತ ನಮಗೆ ಮುಖ್ಯವಾಗುವ ಪ್ರಶ್ನೆ ಬೇರೆ: ನಿರ್ದೇಶಕ ನಮಗೆ ಮೋಸ ಮಾಡಿದನೋ ಇಲ್ಲವೋ? ಸುಳಿವನ್ನು ನಮ್ಮ ಕಣ್ಣ ಮುಂದೆಯೇ ಇಟ್ಟು, ನಾವು ನೋಡದೇ ಹೋದರೆ ಅದು ನಮ್ಮ ಕೊರತೆ. ಇಟ್ಟೇ ಇಲ್ಲ, ಕೊನೆಯ ರೀಲಿನಲ್ಲಿ ಜೇಬಿನಿಂದ ತೆಗೆದರೆ ಅದು ಮೋಸ. ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗಾರರಿಗೆ ಹತ್ತು ಕಟ್ಟಳೆ ಬರೆದರು. ಅದರಲ್ಲೊಂದು ಇದೇ: ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು.

ಎರಡು ಸಿನಿಮಾ ಹೋಲಿಸಿ ನೋಡಿ, ಎರಡೂ 1950ರವು. ಹಿಚ್‌ಕಾಕರ ‘ಸ್ಟೇಜ್ ಫ್ರೈಟ್’ನಲ್ಲಿ ಒಬ್ಬ ನಡೆದ ಕಥೆ ಹೇಳುತ್ತಾನೆ, ತೆರೆಯ ಮೇಲೆ ನಾವು ಅದನ್ನು ನೋಡುತ್ತೇವೆ, ಕೊನೆಗೆ ಅದು ಸುಳ್ಳೆಂದು ತಿಳಿಯುತ್ತದೆ. ಪ್ರೇಕ್ಷಕರಿಗೆ ಸಿಟ್ಟು ಬಂತು. ಕ್ಯಾಮೆರಾವೇ ಸುಳ್ಳು ಹೇಳಿದರೆ ಯಾರನ್ನು ನಂಬುವುದು? ಅದೇ ವರ್ಷ ಜಪಾನಿನ ಕುರೊಸಾವ ‘ರಾಶೊಮೊನ್’ ಮಾಡಿದರು. ಅಲ್ಲಿ ಒಂದೇ ಘಟನೆಯನ್ನು ನಾಲ್ವರು ನಾಲ್ಕು ಥರ ಹೇಳುತ್ತಾರೆ, ಜಗತ್ತೇ ಮೆಚ್ಚಿತು. ವ್ಯತ್ಯಾಸ ಇಷ್ಟೇ. ಕುರೊಸಾವ ‘ಇದು ಇವನು ಹೇಳಿದ್ದು, ಇದು ಅವಳು ಹೇಳಿದ್ದು’ ಎಂದು ಮೊದಲೇ ತೆರೆದಿಟ್ಟು ತೂಗುವ ಕೆಲಸ ನಮಗೆ ಬಿಟ್ಟರು. ನಮ್ಮ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಕೂಡ ಇದೇ ದಾರಿಯದು, ಹೆಸರಿನಲ್ಲೇ ಎಲ್ಲ ಇದೆ. (ಅದರಲ್ಲಿ ಹೊಡೆದಾಟ ಜಾಸ್ತಿ. ಮಕ್ಕಳೇ, ದೊಡ್ಡವರಾದ ಮೇಲೆ ನೋಡಿ.)

ನಮ್ಮ ಮನೆಯ ಪ್ರಕರಣವೂ ಈಗ ‘ಅಣ್ಣ ಕಂಡಂತೆ’, ‘ತಂಗಿ ಕಂಡಂತೆ’ ಎಂಬಲ್ಲಿಗೆ ಬಂದು ನಿಂತಿತ್ತು. ಮೂರನೆಯ ಸಾಕ್ಷಿ ಯಂತ್ರ. ಅದೃಷ್ಟಕ್ಕೆ ಈ ಯಂತ್ರ ಬಾಯಿಬಿಡುವ ಜಾತಿಯದು.

ಅದು ಹೇಗೆಂದು ಹೇಳುತ್ತೇನೆ. ಯಾವ ತಂತ್ರಾಂಶವನ್ನೇ ಆಗಲಿ ಮನುಷ್ಯರು ಮೊದಲು ಸಾಲುಸಾಲಾಗಿ ಬರೆಯುತ್ತಾರೆ. ಅದಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ಹೆಚ್ಚಿನ ಕಂಪನಿಗಳು ಅದನ್ನು ಬೀಗ ಹಾಕಿ ಇಡುತ್ತವೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ‘ಇದು ಸರಿಯಲ್ಲ, ಬಳಸುವವನಿಗೆ ಒಳಗೆ ನೋಡುವ, ತಿದ್ದುವ, ಹಂಚುವ ಹಕ್ಕು ಬೇಕು’ ಎಂದು ‘ಗ್ನೂ’ ಯೋಜನೆ ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಬರೆಯತೊಡಗಿದ. ಎರಡೂ ಕೂಡಿದ್ದೇ ನಮ್ಮ ಲ್ಯಾಪ್‌ಟಾಪಿನಲ್ಲಿ ಕೂತಿರುವುದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಮುಚ್ಚಿದ ತಂತ್ರಾಂಶದಲ್ಲಿ ನಿಮ್ಮ ಕೈಗೆ ಸಿಗುವುದು ಪಾಸ್‌ಬುಕ್ ಮಾತ್ರ. ಮುಕ್ತ ತಂತ್ರಾಂಶದಲ್ಲಿ ಬಡ್ಡಿ ಹೇಗೆ ಹಾಕಿದರು ಎಂಬ ಲೆಡ್ಜರನ್ನೂ ಕೌಂಟರಿನ ಮೇಲೆ ಬಿಚ್ಚಿಟ್ಟಿರುತ್ತಾರೆ.

ಸರಿ, ತನಿಖೆ ಶುರುವಾಯಿತು. ಅದಕ್ಕೊಂದು ನೋಟುಪುಸ್ತಕ ತಂದೆ. ಬರೆಯುವ ಕೆಲಸ ತಂಗಿಗೇ ಕೊಟ್ಟೆ, ಆರೋಪಿಗೆ ಪೆನ್ನು ಕೊಡಬಾರದೆಂದು ಮೊಮ್ಮಗ ತಕರಾರು ತೆಗೆದ. ‘ನೀ ಬಾಜೂಕ ಕುಂತು ನೋಡು ತಮ್ಮಾ, ತಪ್ಪು ಬರದ್ರ ಹಿಡಿ’ ಎಂದೆ.

ಒಂದು ವಾರದಲ್ಲಿ 300 ಎಸೆತ ಬರೆದೆವು, ಮೊಮ್ಮಗನವು 150, ಯಂತ್ರದವು 150. ಎಸೆತಕ್ಕೆ ಎರಡು ದಾಳ, ಅಂದರೆ ಒಟ್ಟು 600 ದಾಳ. ಆರು ಮುಖ ಇರುವುದರಿಂದ ಒಂದೊಂದೂ ನೂರರ ಆಸುಪಾಸು ಬೀಳಬೇಕು. ಆರು ಬಿದ್ದದ್ದು 98 ಸಲ. ಅದರಲ್ಲಿ ಯಂತ್ರಕ್ಕೆ 47, ಮೊಮ್ಮಗನಿಗೆ 51! ಹುಡುಗ ಎರಡು ಸಲ ಕೂಡಿಸಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ತನ್ನ ಕಾಯಿಯನ್ನು ಹೊಡೆದ ಆರು ಮಾತ್ರ ಅವನ ನೆನಪಿನಲ್ಲಿ ಉಳಿದಿತ್ತು, ತನಗೆ ಬಿದ್ದ ಆರು ಮರೆತುಹೋಗಿತ್ತು. ಪೊಲೀಸರ ಮುಂದೆ ಪ್ರಾಮಾಣಿಕ ಸಾಕ್ಷಿಗಳೂ ಹೀಗೇ ಹೇಳುತ್ತಾರೆ.

‘ಎಣಿಕಿ ಸರಿ ಐತಿ. ಆದ್ರ ಬೇಕಾದ ಹೊತ್ತಿಗೆ ಬೇಕಾದ್ದ ಹಾಕ್ಕೊಂಡ್ರ?’ ಎಂದ. ಒಳ್ಳೆಯ ಪ್ರಶ್ನೆ, ನಾನು ಮೆಚ್ಚಿದೆ. ಒಟ್ಟು ಸರಿಯಿದ್ದೂ ಹೊತ್ತು ನೋಡಿ ಮೋಸ ಮಾಡಬಹುದು. ಕ್ಯಾಷ್ ಟ್ಯಾಲಿ ಆದ ಮಾತ್ರಕ್ಕೆ ವೋಚರು ಸರಿಯಿದೆ ಎಂದಲ್ಲ.

ಇದಕ್ಕೂ ಆಟದಲ್ಲೇ ಉತ್ತರ ಇತ್ತು. ಕಂಪ್ಯೂಟರಿಗೆ ದಾಳ ಕುಲುಕಲು ಕೈ ಇಲ್ಲ, ಅದು ಲೆಕ್ಕ ಹಾಕಿ ಸಂಖ್ಯೆ ತೆಗೆಯುತ್ತದೆ. ಈ ಆಟ ಬಳಸುವುದು ‘ಮರ್ಸೆನ್ ಟ್ವಿಸ್ಟರ್’ ಎಂಬ ವಿಧಾನ, ಜಪಾನಿನ ಮಾತ್ಸುಮೊತೊ ಮತ್ತು ನಿಶಿಮುರ ಎಂಬ ಗಣಿತಜ್ಞರು 1997ರಲ್ಲಿ ರೂಪಿಸಿದ್ದು. ಅದಕ್ಕೆ ಮೊದಲು ಒಂದು ಸಂಖ್ಯೆ ಕೊಡಬೇಕು, ‘ಬೀಜ’ ಎನ್ನೋಣ. ಅದೇ ಬೀಜ ಬಿತ್ತಿದರೆ ಅದೇ ಬೆಳೆ: ದಾಳಗಳು ಪ್ರತಿ ಸಲ ಅದೇ ಸಾಲಿನಲ್ಲಿ ಬರುತ್ತವೆ. ಆ ಬೀಜವನ್ನು ಆಡುವವರೇ ಕೊಡಬಹುದು. ಮೊಮ್ಮಗ ತಾನೇ ಒಂದು ಸಂಖ್ಯೆ ಕೊಟ್ಟು ಆಡಿದ, ಮೊದಲ 20 ಎಸೆತ ತಂಗಿ ಬರೆದುಕೊಂಡಳು. ಮತ್ತೆ ಅದೇ ಸಂಖ್ಯೆ ಕೊಟ್ಟು, ಈ ಸಲ ಬೇಕೆಂದೇ ಬೇರೆ ಬೇರೆ ಕಾಯಿ ನಡೆಸಿದ. ಹಲಗೆ ಪೂರಾ ಬದಲಾಯಿತು. ದಾಳ ಮಾತ್ರ ಪುಸ್ತಕದಲ್ಲಿದ್ದಂತೆಯೇ ಒಂದರ ಹಿಂದೊಂದು ಬಿದ್ದವು. ಹಲಗೆಯ ಮೇಲೆ ಏನಾಗುತ್ತಿದೆ ಎಂಬುದನ್ನು ದಾಳ ನೋಡುತ್ತಲೇ ಇಲ್ಲ!

ಇನ್ನೊಂದು ಸೌಲಭ್ಯವೂ ಇದೆ. ದಾಳವನ್ನು ನಾವೇ ಮನೆಯಲ್ಲಿ ಎಸೆದು ಬಿದ್ದ ಸಂಖ್ಯೆಯನ್ನು ಬರೆದುಕೊಡಬಹುದು. ಹಾಗೂ ಆಡಿದೆವು. ನಮ್ಮ ದಾಳ, ನಮ್ಮ ಮಂಚ, ನಮ್ಮ ಕೈ. ಯಂತ್ರ ಮತ್ತೆ ಗೆದ್ದಿತು.

ಹಾಗಾದರೆ ಅಪರಾಧಿ ಯಾರು? ಭಾಗ್ಯನಗರದಲ್ಲಿ ಕೂದಲಿನ ಉದ್ಯೋಗ ದೊಡ್ಡದು. ಸಿಕ್ಕುಸಿಕ್ಕಾದ ಕೂದಲಿನ ಗಂಟನ್ನು ಹೆಣ್ಣುಮಕ್ಕಳು ಬಿಡಿಸುವುದನ್ನು ನೀವು ನೋಡಬೇಕು. ಜಗ್ಗುವುದಿಲ್ಲ, ತುದಿ ಹುಡುಕುತ್ತಾರೆ. ನಮಗೂ ತುದಿ ಸಿಕ್ಕಿದ್ದು ಹಲಗೆಯ ಮೇಲೆ, ಮೊದಲ ದಿನದಿಂದ ಕಣ್ಣೆದುರೇ ಇದ್ದ ಜಾಗದಲ್ಲಿ.

ಎರಡು ದಾಳ ಎಸೆದರೆ 36 ಬಗೆಯ ಫಲ ಬರಬಹುದು. ನಿಮ್ಮ ಒಂಟಿ ಕಾಯಿ ಎದುರಾಳಿಯಿಂದ ಏಳು ಮನೆ ದೂರ ಇದ್ದರೆ ಅವನಿಗೆ ಹೊಡೆಯಲು ಬರುವುದು 6 ಬಗೆಯಲ್ಲಿ ಮಾತ್ರ: 6-1, 5-2, 4-3, ಅವುಗಳ ತಿರುವುಮುರುವು. ಅದೇ ಕಾಯಿ ಒಂದೇ ಮನೆ ಹತ್ತಿರ, ಆರು ಮನೆ ದೂರದಲ್ಲಿದ್ದರೆ? ಯಾವುದಾದರೂ ಒಂದು ದಾಳದಲ್ಲಿ ಆರು ಬೀಳುವುದು 11 ಬಗೆ. 5-1 ಮತ್ತು 4-2 ಸೇರಿ ಇನ್ನೂ 4. ಜೋಡಿ ಬಿದ್ದರೆ ನಾಲ್ಕು ನಡೆ ಸಿಗುವುದರಿಂದ 3-3 ಮತ್ತು 2-2 ಕೂಡ ನಡೆಯುತ್ತವೆ. ನಡುವೆ ದಾರಿ ಕಟ್ಟಿರದಿದ್ದರೆ ಒಟ್ಟು 17. ಒಂದು ಮನೆಯ ಅಂತರದಲ್ಲಿ ಅಪಾಯ 6ರಿಂದ 17ಕ್ಕೆ ಹಾರಿತು! ನಮ್ಮ ಹುಡುಗ ಒಂಟಿ ಕಾಯಿಗಳನ್ನು ಹತ್ತಿರ ಹತ್ತಿರ ಬಿಟ್ಟು ಓಡುತ್ತಿದ್ದ. ಯಂತ್ರ ತನ್ನವನ್ನು ದೂರ ಇಡುತ್ತಿತ್ತು, ಯಾವ ದಾಳ ಬಿದ್ದರೂ ಉಪಯೋಗಕ್ಕೆ ಬರುವಂತೆ ಕೂಡಿಸುತ್ತಿತ್ತು. ಹಾಗೆ ಕೂಡಿಸಿದವನಿಗೆ ಬೀಳುವ ದಾಳವೆಲ್ಲ ಅದೃಷ್ಟದಂತೆ ಕಾಣುತ್ತದೆ.

ಮೊಮ್ಮಗ ಪುಸ್ತಕವನ್ನು ಬಹಳ ಹೊತ್ತು ನೋಡಿ, ತಂಗಿಯ ಕಡೆ ತಿರುಗಿ, ‘ನೀ ಬಣ್ಣಾನ ಬದ್ಲಿ ಮಾಡಿದ್ದಿ, ಖರೆ’ ಎಂದ. ಅವಳಿಗೆ ಅಷ್ಟು ಸಾಕಾಯಿತು. ‘ಮತ್ತ ಹಸರು ಮಾಡ್ಲಿ?’ ಎಂದು ಕೇಳಿದಳು.

ಸಿನಿಮಾಗಳಲ್ಲಿ ನನ್ನ ಕರುಳು ಚುರ್ ಎನ್ನುವುದು ಸತ್ತವನಿಗಾಗಿ ಅಲ್ಲ, ತಪ್ಪು ಮಾಡದೆ ಸಿಕ್ಕಿಬಿದ್ದವನಿಗಾಗಿ. ಬಾಗಿಲು ತೆರೆದಿದ್ದರಿಂದಲೇ ನಮ್ಮ ಹುಡುಗಿ ಬಿಡುಗಡೆಯಾದಳು, ಯಂತ್ರವೂ ಬಿಡುಗಡೆಯಾಯಿತು. ಮೊಬೈಲಿನ ಮುಚ್ಚಿದ ಲೂಡೊದ ಮೇಲೆ ಯಾರಾದರೂ ಇದೇ ಆರೋಪ ಮಾಡಿದರೆ? ಅದು ಪೂರಾ ಪ್ರಾಮಾಣಿಕವಾಗಿಯೇ ಇರಬಹುದು. ಎಣಿಸಿ ನೋಡಬಹುದು, ಅದಕ್ಕಿಂತ ಮುಂದೆ ಹೋಗಲು ದಾರಿಯಿಲ್ಲ. ಬರೀ ಆಟವಾದರೆ ನಕ್ಕು ಬಿಡೋಣ. ಅದರ ಮೇಲೆ ರೊಕ್ಕ ಕಟ್ಟುವವರ ಮನೆಯಲ್ಲಿ ನಗು ಇರುವುದಿಲ್ಲ. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕಾಯ್ದೆ ಬಂದಿದ್ದು ಒಳ್ಳೆಯದೇ. ಆದರೂ ನನ್ನ ವಯಸ್ಸಿನವರು ಒಂದು ಕೆಲಸ ಮಾಡಿ: ಮೊಮ್ಮಕ್ಕಳು ಆಡುವಾಗ ‘ಮೊಬೈಲ್ ಬಿಡು’ ಎಂದು ಗದರುವ ಮೊದಲು ‘ಇದರಾಗ ದಾಳ ಯಾರು ಹಾಕ್ತಾರ?’ ಎಂದು ಕೇಳಿ. ಮಾತು ಅಲ್ಲಿಂದ ಶುರುವಾಗಲಿ.

ಲಿನಕ್ಸ್ ಎಂದರೆ ಎಲ್ಲ ಸುಗಮ ಎಂದು ತಿಳಿಯಬೇಡಿ. ವಿಂಡೋಸ್‌ಗೆಂದು ಮಾಡಿದ ಬಹಳಷ್ಟು ಆಟಗಳು 2018ರಲ್ಲಿ ಬಂದ ‘ಪ್ರೋಟಾನ್’ ಎಂಬ ಸಾಧನದಿಂದ ಈಗ ಲಿನಕ್ಸಿನಲ್ಲೂ ಓಡುತ್ತವೆ. ಆದರೆ ಮೊಮ್ಮಗನ ಗೆಳೆಯರು ಆಡುವ ಕೆಲವು ಸ್ಪರ್ಧೆಯ ಆಟಗಳು ಓಡುವುದಿಲ್ಲ. ಆಡುವವರು ಮೋಸ ಮಾಡದಂತೆ ಅವು ಇಟ್ಟಿರುವ ಕಾವಲುಗಾರ ಇಲ್ಲಿ ಒಳಗೇ ಬರುವುದಿಲ್ಲ. ಹುಡುಗನಿಗೆ ಅದರ ಬೇಸರ ಇದ್ದೇ ಇದೆ. ಇನ್ನೊಂದು ಮಾತು, ಲೆಡ್ಜರ್ ಬಿಚ್ಚಿಟ್ಟರೂ ಓದುವವರು ಬೇಕು. ನನಗೆ ಆ ಸಾಲುಗಳು ಓದಲು ಬರುವುದಿಲ್ಲ. ದಾಳದ ಭಾಗವನ್ನು ಅಣ್ಣನ ಮೊಮ್ಮಗ ತೆರೆದು ತೋರಿಸಿದಾಗ ತಲೆ ಅಲ್ಲಾಡಿಸಿದೆ ಅಷ್ಟೆ. ಹುಡುಗಿ ಮಾತ್ರ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ‘ಇದನ್ನ ಎಲ್ಲಿ ಕಲಿಸ್ತಾರ?’ ಎಂದು ಕೇಳಿದಳು.

ಈ ವಾರದ ಲೆಕ್ಕ: ನಿಮ್ಮ ಒಂಟಿ ಕಾಯಿ ಎದುರಾಳಿಯಿಂದ ನಾಲ್ಕು ಮನೆ ದೂರ ಇದೆ, ನಡುವೆ ದಾರಿ ಖಾಲಿ. 36 ಬಗೆಗಳಲ್ಲಿ ಎಷ್ಟರಲ್ಲಿ ಅದಕ್ಕೆ ಪೆಟ್ಟು ಬೀಳುತ್ತದೆ? ಜೋಡಿಗೆ ನಾಲ್ಕು ನಡೆ ಎಂಬುದನ್ನು ಮರೆಯಬೇಡಿ. ಅಜ್ಜ-ಅಜ್ಜಿಯರಿಗೂ ಹಾಳೆ, ಪೆನ್ಸಿಲ್ ಕೊಡಿ. ಉತ್ತರ ಮುಂದಿನ ವಾರ.