ಆಟವನ್ನು ನಡೆಸುವವರ ಧರ್ಮ

ಪಂದ್ಯವು ಮುಗಿದ ಮೇಲೆ ಆಟಗಾರರ ಗುಣದೋಷಗಳನ್ನು ಕುರಿತು ಮನೆಮನೆಯಲ್ಲಿಯೂ ಚರ್ಚೆ ನಡೆಯುವುದುಂಟು. ಆ ಪಂದ್ಯವನ್ನು ನಡೆಸಿದವರ ಗುಣದೋಷಗಳನ್ನು ವಿಚಾರಿಸುವವರು ಮಾತ್ರ ವಿರಳ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ಊರುಗಳಲ್ಲಿ ಯುವಕ ಸಂಘದವರು ಕಬಡ್ಡಿಯನ್ನೋ ಕ್ರಿಕೆಟ್ಟನ್ನೋ ಏರ್ಪಡಿಸಿ ಚಂದಾಪುಸ್ತಕವನ್ನು ಹಿಡಿದು ಬಂದರೆ ನಾವು ಕೈಲಾದುದನ್ನು ಕೊಡುತ್ತೇವೆ. ಸಂಜೆ ಮಕ್ಕಳನ್ನೂ ಮೈದಾನಕ್ಕೆ ಕಳುಹಿಸುತ್ತೇವೆ. ಹಣವನ್ನೂ ಮಕ್ಕಳನ್ನೂ ಯಾರ ವಶಕ್ಕೆ ಒಪ್ಪಿಸುತ್ತೇವೆಯೋ ಅವರಲ್ಲಿ ಯಾವ ಗುಣವಿರಬೇಕೆಂಬುದು ಗೃಹಸ್ಥರು ವಿಚಾರ ಮಾಡತಕ್ಕ ವಿಷಯ. 2008ರಲ್ಲಿ ಐ.ಪಿ.ಎಲ್. ಆರಂಭವಾದಂದಿನಿಂದ ಕ್ರೀಡೆಯು ಕೋಟಿಗಟ್ಟಲೆ ರೂಪಾಯಿಗಳ ವ್ಯಾಪಾರವಾಗಿ ಬೆಳೆದಿದೆ. ಆದಕಾರಣ ಈ ವಿಚಾರವು ಈಗ ಇನ್ನಷ್ಟು ಅವಶ್ಯವಾಗಿದೆ.

ಇದಕ್ಕೆ ಮೇಲ್ಪಂಕ್ತಿಯನ್ನು ಬಹುದೂರ ಹುಡುಕಬೇಕಾಗಿಲ್ಲ. ಶ್ರೀಮಾನ್ ಜಾವಗಲ್ ಶ್ರೀನಾಥರು ಹುಟ್ಟಿದ್ದು ಮೈಸೂರಿನಲ್ಲಿಯಾದರೂ ಅವರ ಹೆಸರಿನೊಡನೆ ಸೇರಿರುವ ಊರು ನಮ್ಮ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನದು. 1999ನೆಯ ಇಸವಿ ಫೆಬ್ರವರಿ 7ನೆಯ ತಾರೀಖು ದೆಹಲಿಯಲ್ಲಿ ಪಾಕಿಸ್ತಾನದೊಡನೆ ನಡೆದ ಟೆಸ್ಟ್ ಪಂದ್ಯದಲ್ಲಿ ಅನಿಲ್ ಕುಂಬ್ಳೆಯವರು ಒಂದೇ ಸರದಿಯ ಒಂಬತ್ತು ವಿಕೆಟ್ಟುಗಳನ್ನು ಪಡೆದಿದ್ದರು. ಹತ್ತನೆಯದೂ ಅವರಿಗೇ ದೊರೆತರೆ, 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬನೇ ಸಾಧಿಸಿದ್ದ ಕೀರ್ತಿಯು ಅವರದಾಗುವುದಿತ್ತು. ಆದರೆ ಇನ್ನೊಂದು ಕಡೆಯಿಂದ ಚೆಂಡೆಸೆಯುವ ಸರದಿ ಶ್ರೀನಾಥರದು. ವಿಕೆಟ್ ಪಡೆಯುವುದೇ ವೃತ್ತಿಯಾಗಿದ್ದ ಆ ವೇಗದ ಬೌಲರು, ತಮಗೆ ವಿಕೆಟ್ ಬೀಳದಂತೆ ಬೇಕೆಂದೇ ಚೆಂಡನ್ನು ದೂರ ಎಸೆದರು. ಕುಂಬ್ಳೆಯವರು 74 ಓಟಗಳಿಗೆ ಹತ್ತು ವಿಕೆಟ್ಟುಗಳನ್ನೂ ಪಡೆದರು; ಭಾರತವು 212 ಓಟಗಳಿಂದ ಗೆದ್ದಿತು. ಶ್ರೀನಾಥರ ಆ ಓವರು ಲೆಕ್ಕದ ಪುಸ್ತಕದಲ್ಲಿ ವ್ಯರ್ಥವೆಂದೇ ಕಾಣುವುದು. ಆದರೆ ಹತ್ತರ ಆ ಕೀರ್ತಿಯಲ್ಲಿ ಅದಕ್ಕೂ ಒಂದು ಪಾಲುಂಟು.

ಅದೇ ತಿಂಗಳು ಕಲ್ಕತ್ತೆಯಲ್ಲಿ ಅದೇ ಎದುರಾಳಿಗಳ ಮೇಲೆ ಶ್ರೀನಾಥರು ಹದಿಮೂರು ವಿಕೆಟ್ಟುಗಳನ್ನು ಪಡೆದರು. ಆದರೂ ಭಾರತವು 46 ಓಟಗಳಿಂದ ಸೋತಿತು. ಒಬ್ಬನ ಸಾಮರ್ಥ್ಯವು ಎಷ್ಟೇ ದೊಡ್ಡದಾಗಿರಲಿ, ಉಳಿದವರು ಕೈಗೂಡಿಸದಿದ್ದರೆ ಗೆಲವು ಬಾರದು.

ಮುಂದೆ 2010ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಚುನಾವಣೆಯಲ್ಲಿ ಕುಂಬ್ಳೆಯವರು ಅಧ್ಯಕ್ಷರಾಗಿಯೂ ಶ್ರೀನಾಥರು ಕಾರ್ಯದರ್ಶಿಗಳಾಗಿಯೂ ಆರಿಸಿಬಂದರು. ಅಧ್ಯಕ್ಷನಿಗೆ ಹಾರ, ಕಾರ್ಯದರ್ಶಿಗೆ ಕಡತ, ಇದು ಎಲ್ಲ ಸಂಘಗಳಲ್ಲಿಯೂ ಕಂಡ ಮಾತು. 236 ಟೆಸ್ಟ್ ವಿಕೆಟ್ಟುಗಳನ್ನು ಪಡೆದಿದ್ದವರು ಕಡತದ ಪೀಠದಲ್ಲಿ ಕುಳಿತದ್ದನ್ನು ನಮ್ಮ ಯುವಕ ಸಂಘದವರು ಗಮನಿಸಬೇಕು. ಆಡುವವನ ಯೋಗ್ಯತೆಯನ್ನು ಅವನು ತಾನು ಗಳಿಸಿದುದರಿಂದ ಅಳೆಯುವರು; ನಡೆಸುವವನ ಯೋಗ್ಯತೆಯನ್ನು ಅವನು ಇತರರಿಗೆ ಒದಗಿಸಿದುದರಿಂದ ಅಳೆಯಬೇಕು.

ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. ಅದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. 2025ನೆಯ ಜೂನ್ 3ರಂದು ಬೆಂಗಳೂರಿನ ತಂಡವು ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಐ.ಪಿ.ಎಲ್. ಪ್ರಶಸ್ತಿಯನ್ನು ಗೆದ್ದಿತು. ಮಾರನೆಯ ದಿನವೇ ವಿಜಯೋತ್ಸವವು ನಿಶ್ಚಯವಾಯಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸುಮಾರು 35,000 ಮಂದಿಗೆ ಸ್ಥಳ, ನೆರೆದವರಾದರೋ ಲಕ್ಷಗಟ್ಟಲೆ. ದ್ವಾರಗಳ ಬಳಿಯ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣಬಿಟ್ಟರು. ಹೊರಗೆ ಸಾವು ಸಂಭವಿಸಿದ್ದರೂ ಒಳಗೆ ಸಮಾರಂಭವು ನಡೆಯಿತು. ಆ ದುಃಖವು ನಮ್ಮ ಹಾಸನ ಜಿಲ್ಲೆಗೂ ಬಂದಿತು. ಯಾರ ತಪ್ಪು ಎಷ್ಟೆಂದು ನಿರ್ಣಯಿಸುವುದು ನ್ಯಾಯಸ್ಥಾನದ ಕೆಲಸ. ಪಾಠವನ್ನು ಕಲಿಯುವುದು ನಮ್ಮೆಲ್ಲರ ಕೆಲಸ.

ಗುಂಪಿನಲ್ಲಿ ಜನರು ಸಾಯುವುದು ಹೆಚ್ಚಾಗಿ ಕಾಲ್ತುಳಿತದಿಂದಲ್ಲ, ಎದೆ ಅದುಮಿ ಉಸಿರು ಕಟ್ಟುವುದರಿಂದ. ಒಂದು ಚದರ ಮೀಟರಿನಷ್ಟು ನೆಲದಲ್ಲಿ ಐದಾರು ಮಂದಿಗಿಂತ ಹೆಚ್ಚು ಸೇರಿದರೆ ಯಾರಿಗೂ ತಮ್ಮ ಮೈಯ ಮೇಲೆ ಸ್ವಾಧೀನವಿರದು. ಹಿಂದಿರುವವರಿಗೆ ಮುಂದಿನವರ ಸಂಕಟವು ಕಾಣದು. ಬಾಗಿಲು ತೆರೆಯಿತೆಂದು ತಿಳಿದು ಅವರು ಇನ್ನೂ ಒತ್ತುವರು. ಆದುದರಿಂದ ಜನರು ಸೇರಿದ ಮೇಲೆ ಮಾಡುವ ಉಪಾಯಗಳು ಅಲ್ಪ; ಕರೆಯುವ ಮುನ್ನ ಮಾಡಿಕೊಳ್ಳುವ ಲೆಕ್ಕವೇ ಮುಖ್ಯ. ಮದುವೆಯ ಮನೆಯ ಯಜಮಾನನು ಎಲೆಗಳನ್ನು ಎಣಿಸಿಯೇ ಕರೆಯುವನಲ್ಲವೆ? ಉತ್ಸವವನ್ನು ನಾಲ್ಕು ದಿನ ತಡೆದು ಮಾಡಿದ್ದರೆ ಗೆಲವೇನೂ ಹಳಸುತ್ತಿರಲಿಲ್ಲ.

ಇದು ಬೆಂಗಳೂರಿಗೆ ಮಾತ್ರ ಸಲ್ಲುವ ಮಾತೆಂದು ತಿಳಿಯಬಾರದು. ರಾತ್ರಿಯ ದೀಪದಲ್ಲಿ ನಡೆಯುವ ಕಬಡ್ಡಿಗೆ ಹಲಗೆಗಳನ್ನು ಕಟ್ಟಿ ಅಟ್ಟಣೆ ಮಾಡಿ, ಐನೂರು ಮಂದಿಯ ಅಟ್ಟಣೆಗೆ ಸಾವಿರ ಮಂದಿ ಏರಿದರೂ ಸುಮ್ಮನಿದ್ದರೆ, ಅಪಾಯಕ್ಕೆ ಊರಿನ ದೊಡ್ಡತನ ಚಿಕ್ಕತನಗಳ ಭೇದವಿಲ್ಲ. ಸಂಘದ ಮುಖ್ಯಸ್ಥನು ಅತಿಥಿಗಳ ಪಕ್ಕದಲ್ಲಿ ವೇದಿಕೆಯ ಮೇಲಿದ್ದರೆ ಅದನ್ನು ನೋಡುವವರು ಯಾರು? ಅವನ ಸ್ಥಳವು ಬಾಗಿಲಿನ ಬಳಿ. ಆಟವನ್ನು ನಿಲ್ಲಿಸಿರೆಂದು ಹೇಳುವ ಅಧಿಕಾರವನ್ನು ಒಬ್ಬನಿಗೆ ಮೊದಲೇ ಕೊಟ್ಟಿರಬೇಕು. ಅವನು ನಿಲ್ಲಿಸಿದಾಗ ಅಧ್ಯಕ್ಷರೂ ಅತಿಥಿಗಳೂ ಸಿಟ್ಟಾಗದೆ ಒಪ್ಪಬೇಕು.

ಆದುದರಿಂದ ಇನ್ನು ಮುಂದೆ ಚಂದಾಪುಸ್ತಕವು ಬಾಗಿಲಿಗೆ ಬಂದಾಗ, ಹಣವನ್ನು ಕೊಡುವ ಮುನ್ನ ಗೃಹಸ್ಥರು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಎಷ್ಟು ಮಂದಿಗೆ ಸ್ಥಳವಿದೆ, ಹೊರಹೋಗುವ ದಾರಿಗಳೆಷ್ಟು? ಆಟಗಾರನಿಗೆ ಪೆಟ್ಟಾದರೆ ಆಸ್ಪತ್ರೆಗೆ ಒಯ್ಯಲು ಗಾಡಿ ಸಿದ್ಧವಿದೆಯೆ? ಅಪಾಯ ಕಂಡರೆ ನಿಲ್ಲಿಸುವವರು ಯಾರು? ಲೆಕ್ಕವನ್ನು ಎಂದು, ಎಲ್ಲಿ ಓದುವಿರಿ? ಹುಡುಗರು ಮೊದಲು ಮುಖ ಚಿಕ್ಕದು ಮಾಡಬಹುದು. ಕೇಳುವವರು ಹತ್ತು ಮನೆಗಳವರಾದರೆ, ಮರುವರ್ಷ ಅವರು ಉತ್ತರಗಳನ್ನು ಸಿದ್ಧಮಾಡಿಕೊಂಡೇ ಬರುವರು. ಆ ಉತ್ತರಗಳನ್ನು ಒಂದೆಡೆ ಬರೆದಿಡುವ ಹುಡುಗನು ಯಾರೆಂದು ಮಾತ್ರ ನೋಡಿಕೊಂಡಿರೋಣ. ಊರಿನ ಆಟವನ್ನು ಅವನ ಕೈಗೆ ಧೈರ್ಯವಾಗಿ ಒಪ್ಪಿಸಬಹುದು.